ಹೆಸರಿಲ್ಲದ ಪೆಟ್ಟಿಗೆಯ ಹಡಗು

ಒಂದರ ಮೇಲೊಂದು ಕೂರಿಸಿ ಆಟಿಕೆ ಕಟ್ಟುವ ಲೆಗೊ ಕಂಪನಿಯ ಅಸಲಿ ಪ್ಲಾಸ್ಟಿಕ್ ಬ್ರಿಕ್ ಒಂದನ್ನು ಬೆಳಕಿಗೆ ಹಿಡಿದು ನೋಡಿ. ಮೇಲಿರುವ ಪ್ರತಿ ಗುಬಟಿನ ಮೇಲೂ ಕಂಪನಿಯ ಹೆಸರು ಸಣ್ಣಕ್ಷರದಲ್ಲಿ ಉಬ್ಬಿಕೊಂಡಿರುತ್ತದೆ. ಈ ಗುಬಟನ್ನು ಹವ್ಯಾಸಿಗಳು ಸ್ಟಡ್ ಅನ್ನುತ್ತಾರೆ. ನಕಲಿ ಬ್ರಿಕ್ಕಿನ ಸ್ಟಡ್ ಬೋಳು. ನಾನು ಈಚೆಗೆ ಕಟ್ಟಿ ಮುಗಿಸಿದ ಹಡಗಿನ ತುಂಬ ಇರುವುದು ಇಂಥ ಬೋಳು ಸ್ಟಡ್‌ಗಳೇ. ಅದು ಬಂದ ಪೆಟ್ಟಿಗೆಯ ಮೇಲೂ ಯಾರ ಹೆಸರೂ ಇರಲಿಲ್ಲ. ಹಾಯಿ ಕಟ್ಟುವ ಮೂರು ಕೂವೆಮರದ ಹಳೇ ಕಾಲದ ಯುದ್ಧದ ಹಡಗು, ಅದರ ಹಿಂದೆ ಕೆಂಪು ಆಕಾಶ, ಮೂಲೆಯಲ್ಲಿ 14+ ಅಂತ ಒಂದು ಅಂಕಿ. ತಯಾರಿಸಿದವರು ಯಾರು, ಎಲ್ಲಿಯವರು, ಏನೂ ಇಲ್ಲ.

ಬೆಲೆ ಎರಡು ಸಾವಿರದೊಳಗೆ. ಈ ಗಾತ್ರದ ಅಸಲಿ ಹಡಗು ಬೇಕೆಂದರೆ ಹತ್ತಾರು ಸಾವಿರ ಎಣಿಸಬೇಕು. ಲೆಗೊದ ಟೈಟಾನಿಕ್ 2021ರಲ್ಲಿ ಬಂದಾಗ ಅಮೆರಿಕದಲ್ಲೇ ಅದರ ಬೆಲೆ ಸುಮಾರು 630 ಡಾಲರ್ ಇತ್ತು. 9,090 ತುಂಡು, 135 ಸೆಂಟಿಮೀಟರ್ ಉದ್ದ. ಕೊಳ್ಳುವುದಿರಲಿ, ಇಡುವುದಕ್ಕೇ ನಮ್ಮ ಮನೆಯಲ್ಲಿ ಜಾಗವಿಲ್ಲ. ಅದರ ಮೇಲೆ ನಮ್ಮ ದೇಶದ ಸುಂಕ ಬೇರೆ. ಹೊರಗಿಂದ ಬರುವ ಆಟಿಕೆ ಮೇಲೆ 2020ರವರೆಗೆ ಶೇ. 20 ಇದ್ದದ್ದು ಆ ವರ್ಷ 60 ಆಯಿತು, 2023ರಲ್ಲಿ 70ಕ್ಕೆ ಏರಿತು. ಹಾಗಿದ್ದೂ ಹೆಸರಿಲ್ಲದ ಈ ಪೆಟ್ಟಿಗೆ ಇಷ್ಟು ಅಗ್ಗಕ್ಕೆ ನನ್ನ ಮನೆ ಬಾಗಿಲಿಗೆ ಹೇಗೆ ಬಂತು ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. 2021ರ ಜನವರಿ 1ರಿಂದ ನಮ್ಮಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆ ನಿಯಮ ಇರುವುದು 14 ವರ್ಷದೊಳಗಿನ ಮಕ್ಕಳು ಆಡುವ ಸಾಮಾನಿಗೆ. ಪೆಟ್ಟಿಗೆ ಮೇಲಿನ 14+ ಕಾಕತಾಳೀಯವೇ ಇರಬಹುದು ಬಿಡಿ. ಬಣ್ಣದಲ್ಲಿ ಏನು ಬೆರೆಸಿದ್ದಾರೋ ಗೊತ್ತಿಲ್ಲದ ಪ್ಲಾಸ್ಟಿಕ್ಕನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ಮಾತ್ರ ಕೊಡಬೇಡಿ. ಪೆಟ್ಟಿಗೆ ತೆರೆದಾಗ ಬಂದ ವಾಸನೆ ಹೋಗಲು ತುಂಡುಗಳನ್ನೆಲ್ಲ ಬಕೆಟ್ಟಿನಲ್ಲಿ ಸೋಪುನೀರು ಹಾಕಿ ತೊಳೆದು, ಬಾಲ್ಕನಿಯಲ್ಲಿ ಹಳೇ ಸೀರೆ ಮೇಲೆ ಒಣಗಿಸಬೇಕಾಯಿತು. ಪಕ್ಕದ ಮನೆಯವರು ಹಪ್ಪಳ ಸಂಡಿಗೆ ಏನಾದರೂ ಹಾಕಿದ್ದೇವಾ ಅಂತ ಇಣುಕಿ ನೋಡಿದರು.

ಅಸಲಿ ಸೆಟ್ ಕಟ್ಟಿದವರಿಗೆ ಗೊತ್ತು, ಅಲ್ಲಿ ಚೀಲಗಳಿಗೆ ನಂಬರ್ ಇರುತ್ತದೆ. ಒಂದನೇ ಚೀಲ ಒಡೆದು, ಅದು ಮುಗಿದ ಮೇಲೆ ಎರಡನೆಯದು. ತುಂಡು ಹುಡುಕುವ ಕಷ್ಟವೇ ಇಲ್ಲ. ನನಗೆ ಬಂದ ಚೀಲಗಳಲ್ಲಿ ನಂಬರ್ ಇರಲಿಲ್ಲ, ಕ್ರಮವೂ ಇರಲಿಲ್ಲ. ಕಪ್ಪು, ಗಾಢ ಕಂದು, ಗಾಢ ಬೂದು, ಮೂರೂ ಒಟ್ಟಿಗೆ. ಕಟ್ಟುವ ಕ್ರಮ ತೋರಿಸುವ ಪುಸ್ತಕದ ಮುದ್ರಣದಲ್ಲಿ ಈ ಮೂರೂ ಬಣ್ಣ ಒಂದೇ ಥರ ಕಾಣುತ್ತವೆ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಕಪ್ಪು ಅಂದುಕೊಂಡಿದ್ದು ಬೆಳಿಗ್ಗೆ ಬಿಸಿಲಿಗೆ ಕಂದಾಗಿರುತ್ತಿತ್ತು. ಹಾಗಾಗಿ ಕಟ್ಟುವುದಕ್ಕೆ ಮುಂಚೆ ವಿಂಗಡಣೆ. ದೊಡ್ಡ ತುಂಡುಗಳಿಗೆ ಐಸ್‌ಕ್ರೀಮ್ ಡಬ್ಬಿ, ಸಣ್ಣ ತುಂಡುಗಳಿಗೆ ಇಡ್ಲಿ ತಟ್ಟೆ. ಒಂದೊಂದು ಗುಳಿಗೂ ಒಂದೊಂದು ಬಗೆ. ಇಡ್ಲಿ ತಟ್ಟೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಭಾನುವಾರ ಬೆಳಿಗ್ಗೆ ಮಾತ್ರ ಅದು ಅಡುಗೆಮನೆಗೆ ವಾಪಸ್ ಹೋಗಬೇಕಿತ್ತು, ಅಷ್ಟೇ ತೊಂದರೆ.

ಈ ವಿಂಗಡಣೆ ನನಗೆ ಬೇಸರ ತರಿಸಬಹುದು ಅಂದುಕೊಂಡಿದ್ದೆ. ತರಿಸಲಿಲ್ಲ. ತುಂಡು ತುಂಡಾಗಿ ಕೈಯಲ್ಲಿ ಹಿಡಿದು ನೋಡುವಾಗ, ಹಣ ಎಲ್ಲಿ ಉಳಿಸಿದ್ದಾರೆ ಅನ್ನುವುದು ಒಂದೊಂದಾಗಿ ಕಾಣತೊಡಗಿತು. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗುವ ಜಾಗದಲ್ಲಿ ಪ್ರತಿ ತುಂಡಿಗೂ ಒಂದು ಸಣ್ಣ ಗಾಯದ ಗುರುತು ಉಳಿಯುತ್ತದೆ. ಲೆಗೊದವರು ಸಾಮಾನ್ಯವಾಗಿ ಅದನ್ನು ಕಣ್ಣಿಗೆ ಬೀಳದ ಕಡೆ, ಸ್ಟಡ್ಡಿನ ತಲೆ ಮೇಲೋ ಒಳಗೋ ಬಚ್ಚಿಡುತ್ತಾರೆ. ಇಲ್ಲಿ ಅದು ಬ್ರಿಕ್ಕಿನ ಪಕ್ಕಕ್ಕೇ ಇದೆ. ಸವರಿದರೆ ಬೆರಳಿಗೆ ಚುಚ್ಚುತ್ತದೆ. ನಾವಿಕರ ಗೊಂಬೆಗಳಲ್ಲಿ ಒಬ್ಬನ ಮುಖದ ಅಚ್ಚು ಓರೆಯಾಗಿ ಬಿದ್ದು, ಅವನ ಮೀಸೆ ಕೆನ್ನೆ ಮೇಲಿದೆ. ಅವನನ್ನು ನಾನು ಕ್ಯಾಪ್ಟನ್ ಮಾಡಿದೆ.

ಆದರೆ ನಿಜವಾದ ಉಳಿತಾಯ ಕಣ್ಣಿಗೆ ಕಾಣುವಂಥದ್ದಲ್ಲ. ಸ್ವಲ್ಪ ಲೆಕ್ಕ ಹೇಳಬೇಕು, ಸಹಿಸಿಕೊಳ್ಳಿ. ಒಂದು ಸ್ಟಡ್ಡಿನ ನಡುವಿನಿಂದ ಪಕ್ಕದ ಸ್ಟಡ್ಡಿನ ನಡುವಿಗೆ 8 ಮಿಲಿಮೀಟರ್. ಸ್ಟಡ್ಡಿನ ಅಗಲ 4.8. ಬ್ರಿಕ್ಕಿನ ಎತ್ತರ 9.6. ತೆಳು ತುಂಡಿಗೆ ಪ್ಲೇಟ್ ಅನ್ನುತ್ತಾರೆ, ಅದು 3.2, ಮೂರು ಪ್ಲೇಟ್ ಪೇರಿಸಿದರೆ ಒಂದು ಬ್ರಿಕ್. ಎಲ್ಲ ಸರಿ, ಆದರೆ ಎರಡು ಸ್ಟಡ್ ಅಗಲದ ಬ್ರಿಕ್ 16 ಮಿಲಿಮೀಟರ್ ಇರುವುದಿಲ್ಲ, 15.8 ಇರುತ್ತದೆ. ಆ 0.2 ಬೇಕೆಂದೇ ಬಿಟ್ಟದ್ದು. ಪಕ್ಕದ ಬ್ರಿಕ್ಕಿನ ಜೊತೆ ತಿಕ್ಕಾಟ ಬೇಡ ಅಂತ. ಸ್ಟಡ್ ಮಾತ್ರ ಕೆಳಗಿನ ಗೂಡಿಗೆ ಸ್ವಲ್ಪ ಬಿಗಿಯಾಗಿಯೇ ಕೂರಬೇಕು. ತೀರಾ ಬಿಗಿಯಾದರೆ ಮಕ್ಕಳ ಕೈಗೆ ಬಿಚ್ಚಲು ಆಗದು. ಸಡಿಲವಾದರೆ ನಿಲ್ಲದು. ಬಿಗಿಗೂ ಸಡಿಲಕ್ಕೂ ನಡುವೆ ಇರುವ ಜಾಗ ಒಂದು ಕೂದಲೆಳೆಗಿಂತ ಕಡಿಮೆ. ಸಾವಿರ ಬ್ರಿಕ್ಕಿನಲ್ಲಿ ಸಾವಿರವೂ ಆ ಸಣ್ಣ ಜಾಗದೊಳಗೇ ಬೀಳಬೇಕೆಂದರೆ ಒಳ್ಳೆಯ ಉಕ್ಕಿನ ಅಚ್ಚು ಬೇಕು, ಅದು ಸವೆದಾಗ ಬದಲಾಯಿಸಬೇಕು, ತಪ್ಪಿದ ತುಂಡನ್ನು ಎಸೆಯಬೇಕು. ಹತ್ತಾರು ಸಾವಿರ ರೂಪಾಯಿಯಲ್ಲಿ ಒಂದು ದೊಡ್ಡ ಪಾಲು ಹೋಗುವುದು ಇಲ್ಲಿಗೆ ಅಂತ ನನಗನ್ನಿಸುತ್ತದೆ. ಉಳಿದದ್ದು ಹೆಸರಿಗೆ, ಜಾಹೀರಾತಿಗೆ, ಅಂಗಡಿ ಬಾಡಿಗೆಗೆ. ಅದನ್ನು ನಾನು ಉಳಿಸಿದ್ದಕ್ಕೆ ಬೇಸರವೇನಿಲ್ಲ.

ನನ್ನ ಹಡಗಿನ ತಳದ ಸಾಲು ಕಟ್ಟಿ, ಅದರ ಮೇಲೆ ಎರಡು ವರಸೆ ಬ್ರಿಕ್ ಕೂರಿಸಿದಾಗ ವಿಷಯ ಗೊತ್ತಾಯಿತು. ಮೇಜಿನ ಮೇಲಿಟ್ಟು ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿದರೆ, ಹಡಗಿನ ನಡುಭಾಗದ ಕೆಳಗೆ ಬೆಳಕು. ಎರಡು ತುದಿ ಮೇಜಿಗೆ ತಾಗಿವೆ, ಹೊಟ್ಟೆ ಮೇಲೆದ್ದಿದೆ. ಕಾರಣ ಸರಳ. ಆ 0.2 ಮಿಲಿಮೀಟರ್ ಜಾಗ ಇಲ್ಲಿ ಪೂರ್ತಿ ಇಲ್ಲ. ಪ್ರತಿ ಬ್ರಿಕ್ ಪಕ್ಕದ್ದನ್ನು ಒಂದಿಷ್ಟು ತಳ್ಳುತ್ತದೆ. ಒಂದೊಂದು ಕಡೆ 0.05 ತಳ್ಳಿದರೂ ನಲವತ್ತು ಬ್ರಿಕ್ಕಿಗೆ 2 ಮಿಲಿಮೀಟರ್ ಆಯಿತು. ಮೇಲಿನ ವರಸೆ ಹಿಗ್ಗಿತು, ತಳದ ಪ್ಲೇಟ್ ಹಿಗ್ಗಲಿಲ್ಲ. ಆಗ ಬಾಗದೆ ಬೇರೆ ದಾರಿ ಏನಿದೆ?

ಇದರಲ್ಲಿ ತಮಾಷೆ ಏನೆಂದರೆ, ಮರದ ದೊಡ್ಡ ಹಡಗುಗಳಿಗೂ ಇದೇ ಕಾಯಿಲೆ ಇತ್ತು. ಕಾರಣ ಬೇರೆ, ಬಾಗುವ ಬಗೆ ಒಂದೇ. ಹಡಗಿನ ನಡುಭಾಗ ಅಗಲ, ನೀರು ಅದನ್ನು ಜಾಸ್ತಿ ಎತ್ತಿ ಹಿಡಿಯುತ್ತದೆ. ತುದಿಗಳು ಚೂಪು, ಅಲ್ಲಿ ನೀರಿನ ಆಸರೆ ಕಡಿಮೆ. ವರ್ಷ ಕಳೆದ ಹಾಗೆ ತುದಿಗಳು ಜೋತು ಬೀಳುತ್ತವೆ, ನಡು ಉಬ್ಬುತ್ತದೆ. ಅಮೆರಿಕದ ನೌಕಾಪಡೆಯ ಹಳೆಯ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್ ನೀರಿಗಿಳಿದದ್ದು 1797ರಲ್ಲಿ. ಇನ್ನೂ ಇದೆ. 1990ರ ದಶಕದಲ್ಲಿ ಅದನ್ನು ದುರಸ್ತಿಗೆ ನೀರು ಖಾಲಿ ಮಾಡುವ ಒಣದಕ್ಕೆಗೆ (ಡ್ರೈ ಡಾಕ್) ಎಳೆದಾಗ ಅದರ ಬೆನ್ನೆಲುಬು ಒಂದು ಅಡಿಗೂ ಜಾಸ್ತಿ ಬಾಗಿತ್ತು. ಒಳಗೆ ಓರೆಯಾಗಿ ದಪ್ಪ ತೊಲೆಗಳನ್ನು ಮತ್ತೆ ಕೂರಿಸಿ ಅದನ್ನು ಗಟ್ಟಿ ಮಾಡಿದರು. ಹಡಗು ಕಟ್ಟಿದ ಕಾಲದ ವಿನ್ಯಾಸದಲ್ಲಿ ಇದ್ದದ್ದು ಅದೇ ತೊಲೆಗಳು.

ನನ್ನ ಬಳಿ ತೊಲೆ ಇಲ್ಲ, ಉಪ್ಪು ಕಾಗದ ಇತ್ತು. ಮೇಲಿನ ವರಸೆಯಲ್ಲಿ ಕೆಲವು ಬ್ರಿಕ್ ಬಿಚ್ಚಿ, ಎರಡು ತುದಿಗಳನ್ನು ಕಾಗದದ ಮೇಲೆ ಎಳೆದು ಎಳೆದು ತೆಳ್ಳಗೆ ಮಾಡಿ ಮತ್ತೆ ಕೂರಿಸಿದೆ. ಪ್ರತಿ ಬ್ರಿಕ್ಕಿಗೂ ನಾಲ್ಕೈದು ಎಳೆತ. ಜಾಸ್ತಿ ಉಜ್ಜಿದರೆ ಎರಡು ಬ್ರಿಕ್ಕಿನ ಮಧ್ಯೆ ಸಂದು ಕಾಣುತ್ತದೆ. ಕಪ್ಪು ಪುಡಿ ಉಗುರ ಸಂದಿಗೆ ಹೋಗಿ ಕೂತಿತು. ಹೊಟ್ಟೆ ಮೇಜಿಗೆ ಇಳಿಯಿತು. ಸಡಿಲವಾದ ಕಡೆಗೆ ಬೇರೆ ಔಷಧಿ. ಹಾಲಿನ ಪ್ಯಾಕೆಟ್ ತೊಳೆದು, ಅದರಿಂದ ಬೆರಳುಗುರಿನಷ್ಟು ಚೂರು ಕತ್ತರಿಸಿ ಸ್ಟಡ್ ಮೇಲಿಟ್ಟು ಬ್ರಿಕ್ ಒತ್ತಿದರೆ ಬಿಗಿಯಾಗಿ ನಿಲ್ಲುತ್ತದೆ. ಹೊರಗೆ ಇಣುಕುವ ಅಂಚನ್ನು ಬ್ಲೇಡಿನಲ್ಲಿ ತೆಗೆದರಾಯಿತು. ಫೆವಿಕ್ವಿಕ್ ಹಾಕಿ ಅಂತ ಹೇಳುವವರಿದ್ದಾರೆ. ಕಪ್ಪು ಪ್ಲಾಸ್ಟಿಕ್ ಸುತ್ತ ಬಿಳಿ ಮಂಜು ಹಿಡಿದ ಹಾಗೆ ಕಲೆ ಉಳಿಯುತ್ತದೆ. ಮೇಲಾಗಿ ಅಂಟಿಸಿದ ಮೇಲೆ ಅದು ಬ್ರಿಕ್ ಅಲ್ಲ, ಶೋಕೇಸ್ ಸಾಮಾನು.

ಅಳತೆಯ ಮಾತು ಬಂದಾಗ ಸ್ವೀಡನ್ನಿನ ವಾಸಾ ಹಡಗನ್ನು ನೆನೆಯದೆ ಮುಂದೆ ಹೋಗಲು ಆಗುವುದಿಲ್ಲ. ನನ್ನ ಪೆಟ್ಟಿಗೆ ಮೇಲಿನ ಚಿತ್ರ ಹೆಚ್ಚು ಕಡಿಮೆ ಅದರ ಕಾಲದ್ದೇ. ರಾಜ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ ಹಡಗು, 64 ಫಿರಂಗಿ, ಹಿಂಭಾಗದ ತುಂಬ ಬಣ್ಣ ಬಣ್ಣದ ಕೆತ್ತನೆ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಿಂದ ಹೊರಟಿತು. ಸುಮಾರು 1,300 ಮೀಟರ್ ಹೋಯಿತು. ಒಂದು ಗಾಳಿ ಬೀಸಿತು, ಹಡಗು ವಾಲಿತು, ತೆರೆದಿದ್ದ ಫಿರಂಗಿ ಕಿಟಕಿಗಳಿಂದ ನೀರು ನುಗ್ಗಿತು, ಊರಿನ ಜನ ನೋಡನೋಡುತ್ತಿದ್ದಂತೆ ಮುಳುಗಿತು. ಮುಖ್ಯ ಕಾರಣ ಮೇಲ್ಭಾಗದ ಭಾರ. 1961ರಲ್ಲಿ ಅದನ್ನು ಮೇಲೆತ್ತಿದರು. ಈಗ ಅದಕ್ಕೇ ಒಂದು ವಸ್ತುಸಂಗ್ರಹಾಲಯವಿದೆ. ನನಗೆ ಇಷ್ಟವಾಗುವ ಭಾಗ ಇದು: ಹಡಗಿನೊಳಗೆ ಬಡಗಿಗಳ ನಾಲ್ಕು ಅಳತೆಕೋಲು ಸಿಕ್ಕವು. ಎರಡು ಸ್ವೀಡನ್ನಿನ ಅಡಿಯವು, ಅಡಿಗೆ ಹನ್ನೆರಡು ಇಂಚು. ಇನ್ನೆರಡು ಆಮ್‌ಸ್ಟರ್‌ಡ್ಯಾಮ್ ಅಡಿಯವು, ಅಡಿಗೆ ಹನ್ನೊಂದೇ ಇಂಚು. ಅಳೆದು ನೋಡಿದರೆ ಹಡಗಿನ ಎರಡು ಪಕ್ಕ ಒಂದೇ ಸಮ ಇಲ್ಲ. ಎಡಗಡೆಯ ಮರ ಜಾಸ್ತಿ ದಪ್ಪ. ರಾಜನ ಖಜಾನೆಯ ದುಡ್ಡಿಗೂ ಅಳತೆ ಕೂಡಿಬರಲಿಲ್ಲ. ಎರಡು ಸಾವಿರ ರೂಪಾಯಿಯ ಪೆಟ್ಟಿಗೆಯನ್ನು ನಾನು ಬೈಯುವುದು ಹೇಗೆ?

ಹಾಗಂತ ನಕಲನ್ನು ಸಮರ್ಥಿಸುತ್ತಿಲ್ಲ. ಇದರಲ್ಲಿ ಎರಡು ಬೇರೆ ಬೇರೆ ನಕಲಿದೆ. ಜನ ಎರಡನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ.

ಮೊದಲನೆಯದು ಬ್ರಿಕ್ಕಿನ ನಕಲು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನ ಬಡಗಿ ಓಲೆ ಕಿರ್ಕ್ ಕ್ರಿಶ್ಚಿಯನ್ಸನ್ 1932ರಲ್ಲಿ ಮರದ ಆಟಿಕೆ ಮಾಡಲು ಶುರುಮಾಡಿದ. ಅವನ ಬಗ್ಗೆ ಒಂದು ಕಥೆ ಇದೆ. ಮಗ ಗಾಟ್‌ಫ್ರೆಡ್ ಮರದ ಬಾತುಕೋಳಿಗಳಿಗೆ ಮೂರು ಸಲ ಬಳಿಯಬೇಕಿದ್ದ ವಾರ್ನಿಷ್ ಎರಡೇ ಸಲ ಬಳಿದು, ದುಡ್ಡು ಉಳಿಸಿದೆ ಅಂತ ಖುಷಿಯಾಗಿ ಹೇಳಿದನಂತೆ. ಅಪ್ಪ ಅವನನ್ನು ರೈಲು ನಿಲ್ದಾಣಕ್ಕೆ ಕಳಿಸಿ, ಪೆಟ್ಟಿಗೆ ವಾಪಸ್ ತರಿಸಿ, ಮೂರನೇ ಸಲ ಬಳಿಸಿದನಂತೆ. ಚೆಂದದ ಕಥೆ. ಕಂಪನಿಯವರೂ ಅದನ್ನು ಹೇಳಿಕೊಳ್ಳುತ್ತಾರೆ. ಅದೇ ಅಪ್ಪ 1946ರಲ್ಲಿ ಪ್ಲಾಸ್ಟಿಕ್ ಅಚ್ಚು ಹೊಯ್ಯುವ ಯಂತ್ರ ಕೊಂಡ. ಬ್ರಿಟನ್ನಿನ ಹಿಲರಿ ಫಿಶರ್ ಪೇಜ್ ಎಂಬಾತ ತನ್ನ ಕಿಡ್ಡಿಕ್ರಾಫ್ಟ್ ಕಂಪನಿಯಿಂದ ಒಂದಕ್ಕೊಂದು ಕೂರುವ ಪ್ಲಾಸ್ಟಿಕ್ ಬ್ರಿಕ್ ಮಾಡುತ್ತಿದ್ದ. ಅದರ ಮಾದರಿ ಕೈಗೆ ಸಿಕ್ಕಿತು. 1949ರಲ್ಲಿ ಲೆಗೊದ ಮೊದಲ ಪ್ಲಾಸ್ಟಿಕ್ ಬ್ರಿಕ್ ಬಂತು, ಪೇಜ್‌ನದ್ದನ್ನು ಸ್ವಲ್ಪ ತಿದ್ದಿ. ಪೇಜ್ 1957ರಲ್ಲಿ ತೀರಿಕೊಂಡ. ಡೆನ್ಮಾರ್ಕಿನಲ್ಲಿ ತನ್ನ ಬ್ರಿಕ್ಕಿಗೆ ಏನಾಗುತ್ತಿದೆ ಎಂಬುದು ಅವನಿಗೆ ಗೊತ್ತಾಗಲೇ ಇಲ್ಲ ಅನ್ನುತ್ತಾರೆ. ಕಿಡ್ಡಿಕ್ರಾಫ್ಟ್ ಬ್ರಿಕ್ಕಿನ ಹಕ್ಕನ್ನು ಲೆಗೊ ಕೊಂಡದ್ದು 1981ರಲ್ಲಿ.

ಲೆಗೊ ಸ್ವಂತವಾಗಿ ಸೇರಿಸಿದ್ದು ಏನೂ ಇಲ್ಲವೆಂದಲ್ಲ. ಮೊದಲಿನ ಬ್ರಿಕ್ ಒಳಗೆ ಪೊಳ್ಳು. ಪೇರಿಸಬಹುದಿತ್ತು, ಎತ್ತಿದರೆ ಉದುರುತ್ತಿತ್ತು. 1958ರ ಜನವರಿ 28ರಂದು ಅವರು ಪೇಟೆಂಟಿಗೆ ಅರ್ಜಿ ಹಾಕಿದ್ದು ಒಳಗಿನ ಕೊಳವೆಗಳಿಗೆ. ಬ್ರಿಕ್ಕನ್ನು ತಿರುಗಿಸಿ ನೋಡಿದರೆ ಕಾಣುವ ಆ ಕೊಳವೆಗಳೇ ಸ್ಟಡ್ಡನ್ನು ಕಚ್ಚಿ ಹಿಡಿಯುತ್ತವೆ. 1963ರಿಂದ ಈಗಿನ ಎಬಿಎಸ್ ಪ್ಲಾಸ್ಟಿಕ್ ಬಂತು. ಪೇಟೆಂಟ್ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಆ ಬ್ರಿಕ್ ಮಾಡಬಹುದು. ಲೆಗೊ ಬಿಡಲಿಲ್ಲ, ಬ್ರಿಕ್ಕಿನ ಆಕಾರವೇ ತನ್ನ ಟ್ರೇಡ್‌ಮಾರ್ಕ್ ಅಂತ ವಾದಿಸಿತು. ಕೆನಡಾದ ಸುಪ್ರೀಂ ಕೋರ್ಟ್ 2005ರಲ್ಲಿ, ಯುರೋಪಿನ ನ್ಯಾಯಾಲಯ 2010ರಲ್ಲಿ, ಆಗಲ್ಲ ಅಂದವು. ಕೆಲಸ ಮಾಡುವ ಆಕಾರವನ್ನು ಕೊನೆಯಿಲ್ಲದೆ ಒಬ್ಬರೇ ಇಟ್ಟುಕೊಳ್ಳುವ ಹಾಗಿಲ್ಲ. ನನಗೂ ಅದು ಸರಿ ಅನ್ನಿಸುತ್ತದೆ. ಬೋಳು ಸ್ಟಡ್ಡಿನ ಬ್ರಿಕ್ ಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಎರಡನೆಯದು ವಿನ್ಯಾಸದ ನಕಲು. ಇದು ಬೇರೆ ವಿಷಯ. ಚೀನಾದಲ್ಲಿ ಲೆಪಿನ್ ಎಂಬ ಹೆಸರಿನಲ್ಲಿ ಲೆಗೊದ ಸೆಟ್‌ಗಳನ್ನೇ, ಪೆಟ್ಟಿಗೆಯ ಚಿತ್ರ ಸಮೇತ ಇಳಿಸಿ ಮಾರುತ್ತಿದ್ದರು. 2019ರಲ್ಲಿ ಶಾಂಘೈ ಪೊಲೀಸರು ದಾಳಿ ಮಾಡಿದರು. 2020ರಲ್ಲಿ ಮುಖ್ಯಸ್ಥನಿಗೆ ಆರು ವರ್ಷ ಜೈಲು, 9 ಕೋಟಿ ಯುವಾನ್ ದಂಡ ಬಿತ್ತು. ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಕೋರ್ಟಿಗೆ ಹೋಗುತ್ತದೆ, ಗೆಲ್ಲುತ್ತದೆ. ಮನೆಯಲ್ಲಿ ಕೂತು ಸ್ವಂತ ಹಡಗು ವಿನ್ಯಾಸ ಮಾಡುವ ಹವ್ಯಾಸಿಗೆ ಯಾರಿದ್ದಾರೆ? ನನ್ನ ಪೆಟ್ಟಿಗೆಯ ಚಿತ್ರವನ್ನು ಫೋನಿನಲ್ಲಿ ಹಾಕಿ ಹುಡುಕಿದಾಗ ಅದೇ ಹಡಗು ಇನ್ನೊಂದು ಕಡೆ ಸಿಕ್ಕಿತು. ಅದೇ ಹಿಂಭಾಗ, ಅದೇ ಕಿಟಕಿ ಸಾಲು, ಫಿರಂಗಿ ಬಾಗಿಲುಗಳಿಗೆ ಅದೇ ಕೆಂಪು. ಯುರೋಪಿನ ಒಬ್ಬ ಹವ್ಯಾಸಿ ಅದನ್ನು ಮಾಡಿ, ಕಟ್ಟುವ ಕ್ರಮದ ಕಡತವನ್ನು ಚಿಕ್ಕ ಬೆಲೆಗೆ ಮಾರುತ್ತಿದ್ದಾನೆ. ತುಂಡುಗಳನ್ನು ನೀವೇ ಒಟ್ಟುಮಾಡಿಕೊಳ್ಳಬೇಕು. ಹೆಸರಿಲ್ಲದ ಪೆಟ್ಟಿಗೆಯವರು ಅವನಿಗೆ ಒಂದು ಕಾಸೂ ಕೊಟ್ಟಿರಲಾರರು.

ಆ ಕಡತವನ್ನು ದುಡ್ಡು ಕೊಟ್ಟು ಇಳಿಸಿಕೊಂಡೆ. ಧರ್ಮಬುದ್ಧಿ ಅಂತ ಹೊಗಳಬೇಡಿ, ನನಗೆ ಅದು ಬೇಕೇ ಬೇಕಾಗಿತ್ತು. ಪೆಟ್ಟಿಗೆಯ ಪುಸ್ತಕದಲ್ಲಿ ಹಗ್ಗ ಕಟ್ಟುವ ಭಾಗಕ್ಕೆ ಒಂದೇ ಚಿತ್ರವಿತ್ತು. ಅದರಲ್ಲಿ ಎಲ್ಲ ಹಗ್ಗವೂ ಒಂದೇ ಕಡೆ ಗಂಟಾಗಿತ್ತು. ಮೂಲ ಕಡತದಲ್ಲಿ ಅದಕ್ಕೇ ಹನ್ನೆರಡು ಪುಟ. ಯಾವ ಹಗ್ಗ ಕೂವೆಮರವನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ, ಯಾವುದು ಹಾಯಿಯ ಅಡ್ಡಮರವನ್ನು ತಿರುಗಿಸುತ್ತದೆ, ಎಲ್ಲ ಬಿಡಿಸಿ ತೋರಿಸಿದ್ದಾನೆ. ನಕಲು ಮಾಡುವಾಗ ತುಂಡುಗಳ ಪಟ್ಟಿಯನ್ನು ಇಳಿಸಿಕೊಂಡವರು, ಆ ತುಂಡು ಅಲ್ಲಿ ಯಾಕಿದೆ ಎಂಬ ಕಾರಣವನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

ಹಗ್ಗ ಕಟ್ಟುತ್ತಿದ್ದ ದಿನಗಳಲ್ಲೇ ಮಂಗಳೂರಿನಿಂದ ಮಾವ ಬಂದಿದ್ದರು. ನನ್ನ ಅಮ್ಮನ ಅಣ್ಣ. ಹಳೇ ಬಂದರಿನ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಕಳಿಸುವ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುತ್ತಿದ್ದವರು. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಎಲ್ಲ ಮಂಜಿಯಲ್ಲಿ ಹೋಗುತ್ತಿತ್ತು. ಮಂಜಿ ಅಂದರೆ ಮರದ ಸರಕು ಹಡಗು, ನಮ್ಮ ಕರಾವಳಿಯದ್ದು. ಮಳೆಗಾಲದಲ್ಲಿ ಸಂಚಾರ ಬಂದ್. ಮಾವ ಯಾವತ್ತೂ ಸಮುದ್ರಕ್ಕೆ ಹೋದವರಲ್ಲ, ಆದರೆ ಬಂದು ಹೋಗುವುದನ್ನು ದಿನಾ ನೋಡಿದವರು. ಚಹಾ ಲೋಟ ಹಿಡಿದುಕೊಂಡು ಮೇಜಿನ ಹತ್ತಿರ ಬಂದರು.

"ಎಂತ ಮಾರಾಯ ಇದು, ಮಕ್ಕಳದ್ದಾ?"

"ಅಲ್ಲ ಮಾವ, ನಂದೇ."

ಅವರು ಕನ್ನಡಕ ಹಾಕಿಕೊಂಡು ಸುತ್ತ ನೋಡಿದರು. ಸುಮಾರು ಹೊತ್ತು ಮಾತಿಲ್ಲ.

"ಗಾಳಿ ಎಲ್ಲಿಂದ ಬರ್ತಾ ಉಂಟು?"

"ಅಂದ್ರೆ?"

"ಹಾಯಿ ಮುಂದಕ್ಕೆ ಉಬ್ಬಿದೆ. ಮೇಲಿನ ಬಾವುಟ ನೋಡಿದ್ರೆ ಹಿಂದಕ್ಕೆ ಹಾರ್ತಾ ಉಂಟು. ಒಂದು ಹಡಗಿಗೆ ಎರಡು ಗಾಳಿಯಾ?"

ಪುಸ್ತಕದಲ್ಲಿ ಹಾಗೇ ಇತ್ತು, ಪೆಟ್ಟಿಗೆಯ ಚಿತ್ರದಲ್ಲೂ ಹಾಗೇ. ಮೂಲ ಕಡತ ತೆಗೆದು ನೋಡಿದೆ. ಅವನೂ ಹಿಂದಕ್ಕೇ ಹಾರಿಸಿದ್ದಾನೆ! ಆಮೇಲೆ ಗಮನಿಸಿದರೆ ಆಟಿಕೆ ಹಡಗು, ಕ್ಯಾಲೆಂಡರ್ ಹಡಗು, ಬಿಸ್ಕತ್ತು ಡಬ್ಬಿ ಮೇಲಿನ ಹಡಗು, ಎಲ್ಲದರಲ್ಲೂ ಈ ತಪ್ಪು ಇದೆ. ನಮ್ಮ ಕಣ್ಣಿಗೆ ಅಭ್ಯಾಸವಾಗಿರುವುದು ರಾಜ್ಯೋತ್ಸವದ ದಿನ ಬೈಕಿಗೆ ಕಟ್ಟಿದ ಹಳದಿ ಕೆಂಪು ಬಾವುಟ. ಬೈಕು ಮುಂದೆ ಹೋದರೆ ಬಾವುಟ ಹಿಂದೆ. ಹಾಯಿ ಹಡಗನ್ನು ತಳ್ಳುವುದೇ ಗಾಳಿ. ಹಿಂದಿನಿಂದ ತಳ್ಳುವ ಗಾಳಿಯನ್ನು ಅದು ಓಟದಲ್ಲಿ ಸೋಲಿಸಲಾರದು. ಹಾಗಾಗಿ ಬಾವುಟವೂ ಹಾಯಿಯ ದಿಕ್ಕಿಗೇ, ಮುಂದಕ್ಕೇ ಹಾರಬೇಕು. ಕ್ಲಿಪ್ ಬಿಚ್ಚಿ ಬಾವುಟ ತಿರುಗಿಸಿದೆ. ಮೊದಲು ನೋಡಿದರೆ ಹಡಗು ಹಿಮ್ಮುಖ ಹೋಗುತ್ತಿರುವಂತೆ ಕಾಣುತ್ತದೆ. ಮನೆಗೆ ಬಂದ ಇಂಜಿನಿಯರ್ ಗೆಳೆಯನೊಬ್ಬ ಅದನ್ನು ಸರಿಮಾಡಿಕೊಡಲು ಹೋಗಿದ್ದ, ತಡೆದೆ.

ಹಾಯಿಗಳದ್ದು ಇನ್ನೊಂದು ಕಥೆ. ಪೆಟ್ಟಿಗೆಯಲ್ಲಿ ಬಂದದ್ದು ತಲೆಬುರುಡೆ ಅಚ್ಚು ಹಾಕಿದ ತೆಳು ಬಟ್ಟೆ. ರಾಜನ ಯುದ್ಧನೌಕೆಗೆ ಕಡಲ್ಗಳ್ಳರ ಹಾಯಿ ಯಾಕೆ ಅಂತ ಕೇಳುವವರಿಲ್ಲ. ಕತ್ತರಿಸಿದ ಅಂಚು ಎರಡೇ ದಿನದಲ್ಲಿ ನೂಲು ಬಿಟ್ಟಿತು. ಅದನ್ನು ಬಿಸಾಕಿ, ಮಾವನ ಹಳೇ ಪಂಚೆಯ ಒಂದು ತುಂಡು ತಗೊಂಡೆ. ಅನ್ನದ ಗಂಜಿಯಲ್ಲಿ ಅದ್ದಿ, ಹಿಂಡಿ, ಸ್ಟೀಲ್ ಚೊಂಬಿನ ಹೊಟ್ಟೆಗೆ ಸುತ್ತಿ ಬಿಸಿಲಿಗಿಟ್ಟೆ. ಒಣಗಿದ ಮೇಲೆ ಬಿಡಿಸಿದರೆ ಬಟ್ಟೆ ಗರಿಗರಿಯಾಗಿ ಅದೇ ಉಬ್ಬಿನಲ್ಲಿ ನಿಲ್ಲುತ್ತದೆ. ಗಂಜಿ ತೆಳ್ಳಗಿರಬೇಕು. ದಪ್ಪವಾದರೆ ಒಣಗಿದಾಗ ಬಿಳಿ ಪೊರೆ ಏಳುತ್ತದೆ. ಜಿರಳೆ ಬರಬಹುದು ಅಂತ ಮನೆಯಲ್ಲಿ ಆಕ್ಷೇಪಣೆ ಇದೆ. ಈವರೆಗೆ ಬಂದಿಲ್ಲ.

ಖಾಲಿ ಹಾಯಿ ನೋಡಿ ಅಣ್ಣನ ಮಗಳು ಹೇಳಿದಳು, "ಚಿಕ್ಕಪ್ಪ, ಇದಕ್ಕೆ ಗಂಡಭೇರುಂಡ ಬರೀಲಾ? ಕಾರವಾರದ ಹಡಗಲ್ಲಿ ಇದೆಯಲ್ವಾ?"

ಅವಳು ಹೇಳಿದ್ದು ಐಎನ್‌ಎಸ್‌ವಿ ಕೌಂಡಿನ್ಯದ ಬಗ್ಗೆ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಹಾಯಿ ಹಡಗು. ಅದರ ಹಾಯಿಗಳ ಮೇಲೆ ಗಂಡಭೇರುಂಡ ಮತ್ತು ಸೂರ್ಯ ಇವೆ. ಅಜಂತಾ ಗುಹೆಯ ಗೋಡೆಯಲ್ಲಿ ಐದನೇ ಶತಮಾನದ ಒಂದು ಹಡಗಿನ ಚಿತ್ರವಿದೆ. ಆ ಚಿತ್ರವನ್ನು ನೋಡಿ ಕಟ್ಟಿದ್ದು. ನಕ್ಷೆ ಇಲ್ಲ, ಅಳತೆ ಇಲ್ಲ, ಆ ಕಾಲದ ಒಂದು ಹಡಗೂ ಉಳಿದಿಲ್ಲ. ಗೋಡೆಯ ಚಿತ್ರದಿಂದ ಆಕಾರ ಊಹಿಸಿ, ಐಐಟಿ ಮದ್ರಾಸಿನಲ್ಲಿ ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಿ, ಗೋವಾದಲ್ಲಿ ಕೇರಳದ ಕುಶಲಕರ್ಮಿಗಳು ಕಟ್ಟಿದರು. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ, ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿದ್ದಾರೆ. 2025ರ ಡಿಸೆಂಬರ್ ಕೊನೆಗೆ ಅದು ಪೋರಬಂದರಿನಿಂದ ಮಸ್ಕತ್ ಕಡೆಗೆ ಹೊರಟಿತು. ಅದೂ ನಕಲೇ. ಆದರೆ ಅದನ್ನು ಮಾಡಿದವರು ಪ್ರತಿ ಹಗ್ಗಕ್ಕೂ ಯಾಕೆ ಅಂತ ಕೇಳಿಕೊಳ್ಳಲೇಬೇಕಿತ್ತು. ಇಲ್ಲವಾದರೆ ಒಳಗೆ ಕೂತವರು ಮುಳುಗುತ್ತಾರೆ.

ಗಂಡಭೇರುಂಡ ಬರೆದಾಯಿತು. ಕೆಂಪು ಮಾರ್ಕರ್ ಗಂಜಿ ಬಟ್ಟೆಯ ಮೇಲೆ ಸ್ವಲ್ಪ ಹರಡಿದೆ. ಎಡಗಡೆಯ ತಲೆ ಬಲಗಡೆಯದ್ದಕ್ಕಿಂತ ದಪ್ಪ. ಹದಿನೇಳನೇ ಶತಮಾನದ ಯುರೋಪಿನ ಹಡಗಿಗೆ ಇದು ಹೊಂದುವುದಿಲ್ಲ ಅಂತ ನನಗೂ ಗೊತ್ತು. ಕೆನ್ನೆ ಮೇಲೆ ಮೀಸೆಯ ಕ್ಯಾಪ್ಟನ್‌ಗೆ ಅಭ್ಯಂತರ ಇದ್ದಂತಿಲ್ಲ.

ಇಂಥ ಪೆಟ್ಟಿಗೆ ಮತ್ತೆ ತರುತ್ತೀಯಾ ಅಂತ ಕೇಳಿದರೆ, ಪೆಟ್ಟಿಗೆ ತರುವುದಿಲ್ಲ, ಬಿಡಿ ಬ್ರಿಕ್ ತರುತ್ತೇನೆ. ಬೋಳು ಸ್ಟಡ್ಡಿನವೇ ಸಾಕು. ತೂಕದ ಲೆಕ್ಕದಲ್ಲಿ ಸಿಗುತ್ತವೆ. ಉಪ್ಪು ಕಾಗದವೂ ಹಾಲಿನ ಪ್ಯಾಕೆಟ್ಟೂ ಹೇಗೂ ಇವೆ. ವಿನ್ಯಾಸ ಮಾಡಿದವನಿಗೆ ಅವನ ದುಡ್ಡು ಕೊಟ್ಟು ಕಡತ ತರಿಸುತ್ತೇನೆ, ಇಲ್ಲವಾದರೆ ನಾನೇ ಏನಾದರೂ ಮಾಡಿ ನೋಡುತ್ತೇನೆ. ಎರಡನೆಯದು ಈಗಾಗಲೇ ಶುರುವಾಗಿದೆ. ಮಾವ ಊರಿಗೆ ಹೋಗುವ ಮುಂಚೆ ಕರೆಂಟ್ ಬಿಲ್ಲಿನ ಹಿಂದೆ ಮಂಜಿಯ ಚಿತ್ರ ಬರೆದು ಕೊಟ್ಟರು. ಪಕ್ಕದಿಂದ ಒಂದು, ಹಿಂದಿನಿಂದ ಒಂದು. ಅಳತೆ ಕೇಳಿದರೆ "ಅಂದಾಜು ಬರೆದಿದ್ದೇನೆ, ಉಳಿದದ್ದು ಫೋನಲ್ಲಿ ಕೇಳು" ಅಂದರು. ಮಂಜಿಗೆ ಸೆಟ್ ಇಲ್ಲ, ಯಾರೂ ಮಾಡಿದ್ದು ನಾನು ಕಂಡಿಲ್ಲ. ಯುದ್ಧದ ಹಡಗಿನ ಹಿಂಭಾಗ ಚಪ್ಪಟೆ ಗೋಡೆ, ಕಿಟಕಿ ಜೋಡಿಸಿದರೆ ಮುಗಿಯಿತು. ಮಂಜಿಯ ಮೂತಿ ಎದ್ದು ಮುಂದಕ್ಕೆ ಚಾಚಿಕೊಂಡಿರುತ್ತದೆ, ಹೊಟ್ಟೆ ಎರಡು ಕಡೆಗೂ ಒಂದೇ ಸಮ ಉರುಟಾಗಬೇಕು. ಚೌಕ ಬ್ರಿಕ್ಕಿನಲ್ಲಿ ಆ ಉರುಟು ಬರುತ್ತಿಲ್ಲ. ಬ್ರಿಕ್‌ಗಳನ್ನು ಅಡ್ಡ ಮಲಗಿಸಿ, ಸ್ಟಡ್ ಹೊರಗೆ ಕಾಣುವಂತೆ ಒಂದು ಪಕ್ಕ ಮಾಡಿದ್ದೇನೆ. ಪರವಾಗಿಲ್ಲ ಅನ್ನುವ ಮಟ್ಟಕ್ಕೆ ಬಂದಿದೆ. ಇನ್ನೊಂದು ಪಕ್ಕಕ್ಕೆ ತುಂಡು ಸಾಲುತ್ತಿಲ್ಲ. ಕಂದು ಬಣ್ಣದ, ಎರಡು ಸ್ಟಡ್ ಅಗಲದ ಇಳಿಜಾರು ಬ್ರಿಕ್ ಯಾರ ಮನೆಯಲ್ಲಾದರೂ ಜಾಸ್ತಿ ಬಿದ್ದಿದ್ದರೆ ತಿಳಿಸಿ. ಅಸಲಿಯೋ ನಕಲಿಯೋ ಕೇಳುವುದಿಲ್ಲ. ಕೊರಿಯರ್ ಖರ್ಚು ನನ್ನದು.